ಸ್ವಲ್ಪ ಪಕ್ಕಕ್ಕೆ ಸರೀತೀರಾ, ಕಟ್ಟಡ ಕಾಣಿಸ್ತಿಲ್ಲ

ಕಟ್ಟಡ ಓಡಿಹೋಗುವುದಿಲ್ಲ, ಕಣ್ಣು ಮುಚ್ಚುವುದಿಲ್ಲ, ಫೋಟೋದಲ್ಲಿ ದಪ್ಪ ಕಾಣಿಸ್ತೀನಿ ಎಂದು ಗೊಣಗುವುದಿಲ್ಲ. ಅದರ ಫೋಟೋ ತೆಗೆಯುವುದೂ ಒಂದು ಕೆಲಸವೇ ಎಂದು ನಮ್ಮ ಭಾವ ಒಮ್ಮೆ ಕೇಳಿದ್ದರು. ಅವರು ಬ್ಯಾಂಕಿನಲ್ಲಿದ್ದವರು. ಕೂತ ಕುರ್ಚಿಯಿಂದ ಕದಲದೆ ಇಡೀ ಸರ್ವೀಸು ಮುಗಿಸಿದವರಾದ್ದರಿಂದ ಕದಲದ ವಸ್ತುಗಳ ಬಗ್ಗೆ ಅಧಿಕಾರದಿಂದ ಮಾತಾಡುವ ಹಕ್ಕು ಅವರಿಗಿತ್ತು.

ಈಗ ನಿವೃತ್ತಳಾಗಿದ್ದೇನೆ. ನಿವೃತ್ತಿ ಎಂದರೆ ನಮ್ಮ ಕಸುಬಿನಲ್ಲಿ ಹಾರ, ಶಾಲು, ಗೋಡೆ ಗಡಿಯಾರ ಏನೂ ಇಲ್ಲ. ಟ್ರೈಪಾಡ್ ಹೊತ್ತು ಮೂರನೇ ಮಹಡಿ ಹತ್ತಲು ಒಂದು ದಿನ ಮೊಣಕಾಲು ಒಪ್ಪಲಿಲ್ಲ, ಅಷ್ಟೇ. ಅಂದಿನಿಂದ ತ್ಯಾಗರಾಜನಗರದ ನಮ್ಮ ಮನೆಗೆ ಆಗಾಗ ಹುಡುಗ ಹುಡುಗಿಯರು ಬರುತ್ತಾರೆ. "ಆಂಟಿ, ನಾನೂ ಆರ್ಕಿಟೆಕ್ಚರ್ ಫೋಟೋಗ್ರಫಿಗೆ ಇಳೀತಿದೀನಿ, ಯಾವ ಲೆನ್ಸ್ ತಗೊಳ್ಲಿ?" ಎಂದು ಕೇಳುತ್ತಾರೆ. ಲೆನ್ಸಿನ ವಿಷಯ ಅಂಗಡಿಯವನು ಚೆನ್ನಾಗಿ ಹೇಳುತ್ತಾನೆ, ಅದೂ ಅತ್ಯಂತ ದುಬಾರಿಯದನ್ನೇ ಹೇಳುತ್ತಾನೆ. ಅವನು ಹೇಳದೆ ಬಿಟ್ಟದ್ದನ್ನು ನಾನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತಂದೆಗೆ ಒಂದು ಸಣ್ಣ ಸ್ಟುಡಿಯೋ ಇತ್ತು. ಪಾಸ್‌ಪೋರ್ಟ್ ಸೈಜು, ಸ್ಟ್ಯಾಂಪ್ ಸೈಜು, ಹೆಣ್ಣು ನೋಡಲು ಕಳಿಸುವ ಫೋಟೋ, ಇವಿಷ್ಟೇ ನಮ್ಮ ಕಲೆ. ತಂದೆಗೆ ಕಣ್ಣು ಮಂಜಾದ ಮೇಲೆ ನಾನು ಕೂತೆ. ತೊಂಬತ್ತರ ದಶಕದ ಮೊದಲಲ್ಲಿ ಒಬ್ಬ ಗಡ್ಡದ ಗಿರಾಕಿ ವೀಸಾ ಫೋಟೋ ತೆಗೆಸಲು ಬಂದ. ಹೆಸರು ರಘುನಂದನ್, ವಿದೇಶದಲ್ಲಿ ಓದಿಬಂದ ಆರ್ಕಿಟೆಕ್ಟ್, ಜಯನಗರದಲ್ಲಿ ಹೊಸದಾಗಿ ಆಫೀಸು ತೆರೆದಿದ್ದವರು. ಫೋಟೋ ತೆಗೆದಾದ ಮೇಲೆ ಕೇಳಿದರು, "ನೀವು ಗೋಡೆ ಫೋಟೋ ತೆಗೀತೀರಾ?"

"ಗೋಡೆ ಮುಂದೆ ಯಾರು ನಿಂತಿರ್ತಾರೆ ಸಾರ್?"

"ಯಾರೂ ಇರಲ್ಲ. ಬರೀ ಗೋಡೆ."

ನಗಿ ಎಂದರೆ ಅಳುವ, ಅಳಬೇಡ ಎಂದರೆ ಓಡುವ ಮಕ್ಕಳ ಫೋಟೋ ತೆಗೆದು ತೆಗೆದು ಬೇಸತ್ತಿದ್ದ ನನಗೆ ಇದು ದೇವರೇ ಕಳಿಸಿದ ಕೆಲಸ ಎನಿಸಿತು. ಮುಂದಿನ ಹದಿನೈದು ವರ್ಷ ನನ್ನ ಕೆಲಸದ ಮುಕ್ಕಾಲು ಪಾಲು ಆ ಮನುಷ್ಯನ ಗೋಡೆಗಳೇ ಆದವು.

ಮೊದಲ ಗೋಡೆ ಜೆ.ಪಿ. ನಗರದಲ್ಲಿತ್ತು. ಗಿಲಾವು ಮಾಡದೆ ಇಟ್ಟಿಗೆಯನ್ನು ಹಾಗೇ ಬಿಟ್ಟಿದ್ದ ಮನೆ. ಪಕ್ಕದ ಮನೆಯವರು ದುಡ್ಡು ಸಾಲದೆ ಅರ್ಧಕ್ಕೆ ನಿಂತಿದೆ ಎಂದು ಮರುಗುತ್ತಿದ್ದರಂತೆ. ಆಗ ನಮ್ಮದು ಪೆಟ್ಟಿಗೆಯಂಥ ದೊಡ್ಡ ಕ್ಯಾಮೆರಾ. ತಲೆಯ ಮೇಲೆ ಕಪ್ಪು ಬಟ್ಟೆ ಮುಸುಕು ಹಾಕಿಕೊಂಡು ಹಿಂಬದಿಯ ಗಾಜನ್ನು ನೋಡಿದರೆ ಅದರ ಮೇಲೆ ಮನೆ ತಲೆಕೆಳಗಾಗಿ ಕಾಣುತ್ತದೆ. ಕೆಲವು ಮನೆಗಳು ಹಾಗೆಯೇ ಚೆನ್ನಾಗಿದ್ದವು.

ಬೆಳಿಗ್ಗೆ ರಸ್ತೆ ಮಧ್ಯೆ ಮೂರು ಕಾಲಿನ ಸ್ಟ್ಯಾಂಡು ಹೂಡಿ ನಾನು ಮುಸುಕಿನೊಳಗೆ ಹೋದೆ. ಹೊರಗೆ ಬಂದಾಗ ಸುತ್ತ ಅರ್ಧ ರಸ್ತೆ ನೆರೆದಿತ್ತು. ಎಡಪಕ್ಕದ ಮನೆಯ ಯಜಮಾನರು ಬನಿಯನ್ ಮೇಲೆ ಟವೆಲ್ ಹೊದ್ದು ನಿಂತಿದ್ದರು.

"ಯಾರಮ್ಮ ಕಳ್ಸಿದ್ದು ನಿಮ್ಮನ್ನ? ರೋಡ್ ಅಗಲ ಮಾಡ್ತಾರಾ?"

"ಇಲ್ಲ ಸಾರ್, ಆ ಮನೆ ಫೋಟೋ ತೆಗೀತಿದೀನಿ."

"ಆ ಮನೆ ಮಾತ್ರಾನಾ? ನಮ್ದು ಬರಲ್ಲ ತಾನೇ?"

"ಒಂದು ಮೂಲೆ ಬರುತ್ತೆ."

"ಯಾವ್ ಮೂಲೆ?"

ನಾನು ತೋರಿಸಿದೆ. ಅವರ ಮುಖ ಬಿಳಿಚಿಕೊಂಡಿತು. ಆ ಮೂಲೆಯಲ್ಲಿ ಅವರ ಕಾರ್ ಶೆಡ್ಡು ಕಾಂಪೌಂಡು ದಾಟಿ, ಚರಂಡಿ ದಾಟಿ, ರಸ್ತೆಯ ಮೇಲೆ ಆರಾಮವಾಗಿ ಕೂತಿತ್ತು. ಸ್ವಲ್ಪ ಹೊತ್ತಿಗೆ ಅವರ ಮನೆಯಿಂದ ಕಾಫಿ ಬಂತು. ಅದು ಮುಗಿಯುವುದರೊಳಗೆ ಬಲಪಕ್ಕದ ಮನೆಯಿಂದ ಉಪ್ಪಿಟ್ಟು ಬಂತು. ಉಪ್ಪಿಟ್ಟು ತಂದ ಹೆಂಗಸು ದನಿ ತಗ್ಗಿಸಿ, "ನಮ್ದು ಬರೀ ಮೆಟ್ಲು ಮಾತ್ರ ಮೇಡಂ ಈಚೆಗ್ ಬಂದಿರೋದು. ನಮ್ಮತ್ತೇಗೆ ಮಂಡಿ ನೋವು, ಅದಕ್ಕೆ ಸ್ವಲ್ಪ ಇಳಿಜಾರಾಗಿ ಕಟ್ಸಿದ್ವಿ" ಎಂದರು. ನಾನು ಫೋಟೋದವಳು ಎಂದು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಮುಸುಕು ಹಾಕಿಕೊಂಡು ಮನೆ ನೋಡುವವರು ಸರ್ಕಾರದವರೇ ಇರಬೇಕು ಎಂಬುದು ಅವರ ತರ್ಕ.

ಮುಂದಿನ ವಾರ ಪ್ರಿಂಟು ಕೊಡಲು ಹೋದಾಗ ಶೆಡ್ಡು ಇರಲಿಲ್ಲ. ಮೆಟ್ಟಿಲೂ ಇರಲಿಲ್ಲ. ಮಂಡಿ ನೋವಿನ ಅತ್ತೆ ಸೊಸೆಯ ಭುಜ ಹಿಡಿದು ಇಳಿಯುತ್ತ ನನ್ನನ್ನು ನೋಡಿದ ನೋಟವನ್ನು ನಾನು ಇಲ್ಲಿ ವರ್ಣಿಸುವುದಿಲ್ಲ. ರಘುನಂದನ್ ಮಾತ್ರ ರಸ್ತೆಯ ಎರಡೂ ಕಡೆ ನೋಡಿ, "ನಮ್ಮ ಬಿಲ್ಡಿಂಗ್ ಬಂದ್ಮೇಲೆ ಸ್ಟ್ರೀಟೇ ಓಪನ್ ಆಗಿದೆ ನೋಡಿ" ಎಂದರು. ಒಳ್ಳೆಯ ಕಟ್ಟಡ ಸಮಾಜವನ್ನು ತಿದ್ದುತ್ತದೆ ಎಂದು ಅವರು ಆಮೇಲೆ ಎಷ್ಟೋ ಭಾಷಣಗಳಲ್ಲಿ ಹೇಳಿದರು. ನಾನು ಸಭೆಯಲ್ಲಿ ಕೂತು ಉಪ್ಪಿಟ್ಟನ್ನು ನೆನೆಯುತ್ತಿದ್ದೆ.

ಮನೆಯ ಒಳಗಿನ ಫೋಟೋ ತೆಗೆಯುವುದು ಹೊರಗಿನದಕ್ಕಿಂತ ಕಷ್ಟ. ಏಕೆಂದರೆ ಒಳಗೆ ಜನ ಇರುತ್ತಾರೆ. ರಘುನಂದನ್ ಅವರ ಪ್ರಕಾರ ಮನೆಯ ಅತಿ ದೊಡ್ಡ ದೋಷವೆಂದರೆ ಅದರಲ್ಲಿ ವಾಸಿಸುವವರು. ಜಯನಗರದಲ್ಲಿ ಪದ್ಮಾ ಎಂಬವರ ಹೊಸ ಮನೆಯ ಫೋಟೋ ತೆಗೆಯಲು ಹೋದಾಗ ಈ ಸಿದ್ಧಾಂತ ತನ್ನ ಶಿಖರ ಮುಟ್ಟಿತು.

ನಾವು ಹೋಗುವ ಹೊತ್ತಿಗೆ ಪದ್ಮಾ ಮನೆಯನ್ನು ತೊಳೆದು, ಬಾಗಿಲಿಗೆ ತೋರಣ ಕಟ್ಟಿ, ರಂಗೋಲಿ ಹಾಕಿ, ಮಕ್ಕಳಿಗೆ ಹೊಸ ಬಟ್ಟೆ ತೊಡಿಸಿ, ತಾವೂ ರೇಷ್ಮೆ ಸೀರೆ ಉಟ್ಟು ನಿಂತಿದ್ದರು. ರಘುನಂದನ್ ನಮಸ್ಕಾರ ಹೇಳಿ, ತೋರಣ ಬಿಚ್ಚಿಸಿದರು. ಆಮೇಲೆ ದೇವರ ಕ್ಯಾಲೆಂಡರು ಇಳಿಯಿತು. ಟೀವಿ, ಮಿಕ್ಸಿ, ಹೊಲಿಗೆ ಮೆಷಿನ್ನು, ಚಪ್ಪಲಿ ಸ್ಟ್ಯಾಂಡು, ಸೋಫಾದ ಮೇಲಿನ ಕ್ರೋಶಾ ಹೊದಿಕೆ, ಒಣಗಲು ಹಾಕಿದ ಸಂಡಿಗೆ, ಎಲ್ಲವೂ ಮಹಡಿಯ ಒಂದು ಕೋಣೆಗೆ ಹೋದವು. ಬದಲಿಗೆ ಅವರ ಕಾರಿನಿಂದ ಒಂದು ಬೆತ್ತದ ಕುರ್ಚಿ, ಯಾರೂ ಓದಲಾರದ ಭಾಷೆಯ ಒಂದು ದಪ್ಪ ಪುಸ್ತಕ, ಒಂದು ಬಟ್ಟಲು ಹಸಿರು ಸೇಬು ಇಳಿದವು. ಆ ಕಾಲದ ಪತ್ರಿಕೆಗಳನ್ನು ತಿರುವಿದರೆ ಬನಶಂಕರಿಯಿಂದ ಜೆ.ಪಿ. ನಗರದವರೆಗೆ ಎಲ್ಲ ಸುಸಂಸ್ಕೃತರ ಮನೆಯಲ್ಲೂ ಅದೇ ಬೆತ್ತದ ಕುರ್ಚಿ ಕಾಣುತ್ತದೆ. ಅವರೆಲ್ಲ ಒಂದೇ ಪುಸ್ತಕ ಓದುತ್ತಿದ್ದರು, ಅದೂ ಅದೇ ಪುಟ.

"ಸಾರ್, ಹುಳಿ ಸೇಬು ನಮ್ಮನೇಲಿ ಯಾರೂ ತಿನ್ನಲ್ಲ" ಎಂದರು ಪದ್ಮಾ.

"ತಿನ್ನೋದಕ್ಕಲ್ಲಮ್ಮ, ಕಲರ್‌ಗೆ."

"ಹಂಗಾದ್ರೆ ನನ್ ಸೀರೇನೂ ಹಸಿರೇ ಅಲ್ವಾ?"

ರಘುನಂದನ್ ಸೀರೆಯನ್ನು ನೋಡಿ ನಿಟ್ಟುಸಿರಿಟ್ಟರು. ಕೊನೆಗೆ ಮನೆಯಲ್ಲಿ ಉಳಿದದ್ದು ಮನೆಯವರು ಮಾತ್ರ. ಅವರನ್ನೂ ಅದೇ ಮಹಡಿ ಕೋಣೆಗೆ ಕಳಿಸಿದೆವು. ಮಕ್ಕಳು ನಡುವೆ ಓಡಿಬರಬಾರದೆಂದು ರಘುನಂದನ್ ಹೊರಗಿನಿಂದ ಚಿಲಕ ಹಾಕಿದರು.

ಒಳಗಿನ ಕೆಲಸ ಮುಗಿಯಿತು. ಸಂಜೆ ಬೆಳಕು ಕಂದುವ ಮೊದಲು ಮುಂಭಾಗ ತೆಗೆಯಬೇಕೆಂದು ಇಬ್ಬರೂ ಅವಸರದಲ್ಲಿ ಹೊರಗೆ ಓಡಿದೆವು. ಚಿಲಕ ಇಬ್ಬರಿಗೂ ಮರೆತೇಹೋಯಿತು. ನಾನು ಮುಸುಕಿನೊಳಗೆ ಗಾಜು ನೋಡುತ್ತಿದ್ದಾಗ ಮಹಡಿಯ ಕಿಟಕಿಯಲ್ಲಿ ಏನೋ ಅಲ್ಲಾಡಿದಂತಾಯಿತು. ತಲೆಕೆಳಗಾಗಿ ಕಂಡ ಅದನ್ನು ಪರದೆ ಎಂದುಕೊಂಡೆ. ಅದು ಪದ್ಮಾ ಅವರ ಕೈ. ಒಳಗಿನಿಂದ ಅವರು ಕೂಗುತ್ತಲೂ ಇದ್ದರಂತೆ. ಆದರೆ ಆ ಮನೆಯ ಗೋಡೆಗಳು ಎರಡು ಪದರದವು, ಕಿಟಕಿ ತೆರೆಯಲಾಗದ ದಪ್ಪ ಗಾಜಿನದು. ಒಂದು ಸದ್ದೂ ಹೊರಗೆ ಬರಬಾರದೆಂದೇ ಕಟ್ಟಿದ್ದು. ಬರಲಿಲ್ಲ. ರಘುನಂದನ್ ಅವರ ಕಟ್ಟಡಗಳಲ್ಲಿ ಹೇಳಿದ ಹಾಗೆ ಕೆಲಸ ಮಾಡಿದ್ದು ನನಗೆ ತಿಳಿದಂತೆ ಅದೊಂದೇ.

ಸಾಮಾನು ಕಟ್ಟುವಾಗ ಬೆತ್ತದ ಕುರ್ಚಿ ತರಲು ಒಳಗೆ ಹೋದಾಗಲೇ ಬಾಗಿಲು ಬಡಿಯುವ ಸದ್ದು ಕೇಳಿದ್ದು. ಚಿಲಕ ತೆಗೆದೆ. ಪದ್ಮಾ ಬೆವರಿ ನಿಂತಿದ್ದರು, ಮಕ್ಕಳು ಹಸಿ ಸಂಡಿಗೆಯನ್ನೆಲ್ಲ ತಿಂದು ಮುಗಿಸಿದ್ದರು.

"ಕೈ ಬೀಸಿ ಬೀಸಿ ಸಾಕಾಯ್ತು ಕಣ್ರೀ! ನೀವು ನೋಡ್ಕೊಂಡೂ ಸುಮ್ನೆ ನಿಂತಿದ್ರಲ್ಲ!"

ಫೋಟೋ ಪತ್ರಿಕೆಯಲ್ಲಿ ಬಂತು. ಕಿಟಕಿಯಲ್ಲಿ ಮಂಜುಮಂಜಾಗಿ ಮೂಡಿದ್ದ ಕೈಯನ್ನು ಒಬ್ಬ ವಿಮರ್ಶಕರು ವಿಶೇಷವಾಗಿ ಮೆಚ್ಚಿ, ಕಾಂಕ್ರೀಟಿನ ಕಾಠಿಣ್ಯದ ನಡುವೆ ಇದೊಂದು ಮಾನವೀಯ ಸ್ಪರ್ಶ ಎಂದು ಬರೆದರು. ಪದ್ಮಾ ಅದನ್ನು ಓದಿ, ಫೋಟೋದ ಆ ಕೈಯ ಕೆಳಗೆ ಪೆನ್ನಿನಿಂದ 'ಕಾಪಾಡಿ' ಎಂದು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿಕೊಂಡಿದ್ದರು. ನನ್ನ ಕೆಲಸಕ್ಕೆ ಬಂದ ವಿಮರ್ಶೆಗಳಲ್ಲಿ ನಾನು ಗೌರವಿಸುವುದು ಅದನ್ನೇ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮುಸುಕೂ ಹೋಯಿತು, ಫಿಲ್ಮೂ ಹೋಯಿತು. ಡಿಜಿಟಲ್ ಬಂತು. ಅದರಿಂದ ಅನುಕೂಲವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೊದಲೆಲ್ಲ ಕಟ್ಟಡದ ಮುಂದೆ ನಿಂತ ಲಾರಿ ಹೋಗಲಿ ಎಂದು ಅರ್ಧ ದಿನ ಕಾಯುತ್ತಿದ್ದೆವು. ಈಗ ರಘುನಂದನ್ ಕಾಯುತ್ತಿರಲಿಲ್ಲ. "ಕಂಪ್ಯೂಟರಲ್ಲಿ ತೆಗ್ದುಬಿಡಿ ಜಯಶ್ರೀ" ಎನ್ನುತ್ತಿದ್ದರು. ಮೊದಲು ಲಾರಿ ತೆಗೆಸಿದರು. ಆಮೇಲೆ ಕರೆಂಟಿನ ತಂತಿ, ಟ್ರಾನ್ಸ್‌ಫಾರ್ಮರು, ಪಾನಿಪೂರಿ ಗಾಡಿ, ಎದುರಿನ ಔಷಧಿ ಅಂಗಡಿ, ಪಕ್ಕದ ಬಿಲ್ಡಿಂಗು. ಕಟ್ಟಲು ಅಡ್ಡ ಬಂತೆಂದು ಕಡಿಸಿದ್ದ ಹೊಂಗೆ ಮರವೊಂದನ್ನು ಮಾತ್ರ ಫೋಟೋದಲ್ಲಿ ವಾಪಸ್ಸು ನೆಡಿಸಿದರು. ನೀರು ಹಾಕುವ ತಾಪತ್ರಯವಿಲ್ಲದ ಮರ.

ಬಿ.ಟಿ.ಎಂ. ಲೇಔಟಿನಲ್ಲಿ ಅವರು ಕಟ್ಟಿದ ಗಾಜಿನ ಆಫೀಸು ಇದೇ ಕಾಲದ್ದು. ನೆಲದಿಂದ ಸೂರಿನವರೆಗೆ ಗಾಜು, ಪಶ್ಚಿಮಕ್ಕೆ ಮುಖ. ನಾನು ಕ್ಯಾಮೆರಾ ತೆಗೆದುಕೊಂಡು ಹೋಗುವ ಹೊತ್ತಿಗೆ ಒಳಗಿನವರು ಗಾಜಿನ ಉದ್ದಕ್ಕೂ ಹಳೆಯ ನ್ಯೂಸ್‌ಪೇಪರು ಅಂಟಿಸಿದ್ದರು. ರಸ್ತೆಯಿಂದ ನೋಡಿದರೆ ಆ ಮಹಾಸೌಧ ದೊಡ್ಡದೊಂದು ಕಡಲೆಕಾಯಿ ಪೊಟ್ಟಣದಂತಿತ್ತು. ರಘುನಂದನ್ ಎದೆ ಹಿಡಿದುಕೊಂಡರು. ಇಬ್ಬರೂ ಮೇಲೆ ಹೋದೆವು.

ಅಲ್ಲಿ ಲೆಕ್ಕದ ವಿಭಾಗದಲ್ಲಿ ಬಸವರಾಜ ಎಂಬ ಧಾರವಾಡದ ಕಡೆಯ ಯುವಕ ಕೂತಿದ್ದರು. ಪಕ್ಕದ ಓಣಿಯಲ್ಲೇ ಬಾಡಿಗೆಗೆ ಇದ್ದವರು. ಪೇಪರು ತೆಗೀತೀರಾ ಎಂದು ನಾನು ಕೇಳಿದೆ.

"ತಗೀತೇವ್ರಿ ಮೇಡಂ, ಅದಕ್ಕೇನು. ಆದ್ರ ಪೇಪರ್ ತಗದ್ರ ಕಂಪ್ಯೂಟರ್‌ನ್ಯಾಗ ಲೆಕ್ಕ ಕಾಣಂಗಿಲ್ರಿ, ನನ್ನ ಮಾರೀನ ಕಾಣ್ತದ. ದಿನಾ ಎಂಟ ತಾಸ ನನ್ನ ಮಾರಿ ನೋಡಿ ನನಗೂ ಬ್ಯಾಸರಾಗೇತ್ರಿ."

"ಇದರ ಐಡಿಯಾನೇ ಟ್ರಾನ್ಸ್‌ಪರೆನ್ಸಿ ಕಣಪ್ಪ" ಎಂದರು ರಘುನಂದನ್. "ಹೊರಗೂ ಒಳಗೂ ಗೋಡೆ ಇಲ್ಲ ಅನ್ನೋ ಫೀಲಿಂಗ್ ಬರ್ಬೇಕು."

"ಬಂದೈತ್ರಿ ಸರ. ನಾವ್ ಇಲ್ಲಿ ಊಟದ ಡಬ್ಬಿ ಬಿಚ್ಚಿದ್ರ, ಬಸ್‌ಸ್ಟಾಪಿನ್ಯಾಗ ನಿಂತವ್ರು ಇವತ್ತ ಏನ ಪಲ್ಯ ಅಂತ ಹೇಳ್ತಾರ."

ಆದರೂ ಆ ಹುಡುಗರು ಒಳ್ಳೆಯವರು. ಪೇಪರು ಕಿತ್ತರು. ನಾನು ಫೋಟೋ ತೆಗೆದು ಮುಗಿಸುವವರೆಗೆ ಕಣ್ಣಿಗೆ ಕೈ ಅಡ್ಡ ಹಿಡಿದು, ಕೆಲಸ ಮಾಡುವವರಂತೆ ನಟಿಸಿದರು. ನಾವು ಮೆಟ್ಟಿಲು ಇಳಿಯುವಷ್ಟರಲ್ಲಿ ಮೊದಲ ಹಾಳೆ ವಾಪಸ್ಸು ಹತ್ತಿತ್ತು. ಫೋಟೋ ನೋಡಿದ ಒಬ್ಬ ವಿದೇಶಿ ಪ್ರೊಫೆಸರು ಇದು ಯಾವ ದೇಶದಲ್ಲಿದೆ ಎಂದು ಕೇಳಿದರಂತೆ. ರಘುನಂದನ್ ಅದನ್ನು ಹೊಗಳಿಕೆ ಎಂದೇ ತಿಳಿದರು.

ಕೆಲವೇ ವರ್ಷಗಳಲ್ಲಿ ಅವರಿಗೆ ಜ್ಞಾನೋದಯವಾಯಿತು. ಗಡ್ಡ ಬೆಳ್ಳಗಾಯಿತು, ಖಾದಿ ಜುಬ್ಬಾ ಬಂತು, ಗಾಜು ಬೇಡವಾಯಿತು. ಯಾರು ಹಳೆಯ ಬಂಗಲೆಗಳನ್ನು ಒಡೆಸಿ ಕಾಂಕ್ರೀಟು ಸುರಿದಿದ್ದರೋ ಅವರೇ ಈಗ ಹಳೆಯ ಬಾಗಿಲ ಚಿಲಕ ಕಂಡರೆ ಕಣ್ಣೊರೆಸಿಕೊಳ್ಳತೊಡಗಿದರು. ಜೀರ್ಣೋದ್ಧಾರವೇ ತಮ್ಮ ಜೀವನದ ಗುರಿ ಎಂದರು. ಒಡೆಯಲು ಹೆಚ್ಚೇನೂ ಉಳಿದಿರಲಿಲ್ಲ ಎಂಬುದೂ ನಿಜ.

ಹೀಗೆ ಅವರ ಕೈಗೆ ಸಿಕ್ಕಿದ್ದು ಬಸವನಗುಡಿಯ ಅಂಚಿನಲ್ಲಿದ್ದ ಒಂದು ಹಳೆಯ ಹೆರಿಗೆ ಆಸ್ಪತ್ರೆ. ಹೆಂಚಿನ ಮಾಡು, ಕಂಬದ ಜಗುಲಿ, ಕಿಟಕಿಗೆ ಮರದ ಜಾಲರಿ. ಒಬ್ಬ ಲೇಡಿ ಡಾಕ್ಟರು ತಮ್ಮ ಮನೆಯಲ್ಲೇ ನಡೆಸುತ್ತಿದ್ದದ್ದು. ಸುತ್ತಮುತ್ತಲಿನ ಬಡಾವಣೆಗಳಲ್ಲಿ ಎಷ್ಟೋ ಜನ ಹುಟ್ಟಿದ್ದು ಅಲ್ಲೇ. ಡಾಕ್ಟರು ತೀರಿಕೊಂಡ ಮೇಲೆ ಬಹಳ ಕಾಲ ಬೀಗ ಬಿದ್ದಿತ್ತು. ಈಗ ಗಿರೀಶ್ ಎಂಬ ಶ್ರೀಮಂತರು ಕೊಂಡು, ದೊಡ್ಡವರು ಬಂದು ಸ್ವಲ್ಪ ಸ್ವಲ್ಪ ತಿಂದು ಹೋಗುವಂಥ ಹೋಟೆಲು ಮಾಡಲು ಹೊರಟಿದ್ದರು.

ಜೀರ್ಣೋದ್ಧಾರ ಹೇಗೆ ನಡೆಯುತ್ತದೆಂದು ನಾನು ಅಲ್ಲಿ ಕಲಿತೆ. ಕೆಂಪು ಗಾರೆ ನೆಲವನ್ನು ಅಗೆದು, ಹೊಸ ಕೆಂಪು ನೆಲ ಹಾಕಿ, ಅದು ಹಳೆಯದಾಗಿ ಕಾಣಲೆಂದು ತಿಂಗಳುಗಟ್ಟಲೆ ತಿಕ್ಕಿದರು. ಬಾಗಿಲುಗಳು ನಿಜಕ್ಕೂ ಹಳೆಯವು, ಆದರೆ ಈ ಮನೆಯವಲ್ಲ, ತಮಿಳುನಾಡಿನವು. ಗೋಡೆಯನ್ನು ಕೆರೆದು ಮೂಲ ಬಣ್ಣ ಹುಡುಕಿದರು. ಸಿಕ್ಕಿದ್ದು ಆಸ್ಪತ್ರೆಯ ತಿಳಿಹಸಿರು. ಅದನ್ನು ನೋಡಿ ಗಿರೀಶ್, "ಇದ್ರಲ್ಲಿ ಊಟ ಸೇರುತ್ತಾ ಸಾರ್?" ಎಂದರು. ಮೂಲ ಬಣ್ಣ ಹಳದಿ ಎಂದು ಅಂದೇ ತೀರ್ಮಾನವಾಯಿತು. ಹೆರಿಗೆ ಕೋಣೆಯಲ್ಲಿ ಐಸ್‌ಕ್ರೀಮು, ಬಾಣಂತಿಯರ ವಾರ್ಡಿನಲ್ಲಿ ದೊಡ್ಡ ಕನ್ನಡಿ ಮತ್ತು ಸೋಫಾ.

ಫೋಟೋದ ದಿನ ಮಧ್ಯಾಹ್ನದಿಂದಲೇ ಗೇಟಿನಲ್ಲಿ ಜನ. ಹೋಟೆಲಾಗುತ್ತದೆ ಎಂದು ಪೇಪರಿನಲ್ಲಿ ಬಂದಿತ್ತು. ಹುಟ್ಟಿದ ಜಾಗ ನೋಡಲು ಬರುತ್ತಿದ್ದರು. ಒಬ್ಬ ತಾಯಿ ತಲೆ ನರೆಯಲು ಶುರುವಾಗಿದ್ದ ಮಗನ ಕೈ ಹಿಡಿದು, "ನೋಡೋ, ಇಲ್ಲೇ ನೀನು ಹುಟ್ಟಿದ್ದು" ಎಂದರೆ, ಆತ ಮೊಬೈಲಿನಲ್ಲಿ, "ಹತ್ತು ನಿಮಿಷ ಗುರು, ಅಮ್ಮನ ಜೊತೆ ಇದೀನಿ" ಎನ್ನುತ್ತಿದ್ದ. ಎಲ್ಲರಿಗೂ ನಾನು ಎಂದಿನ ಮಾತನ್ನೇ ಹೇಳುತ್ತಿದ್ದೆ. ಸ್ವಲ್ಪ ಪಕ್ಕಕ್ಕೆ ಸರೀತೀರಾ, ಕಟ್ಟಡ ಕಾಣಿಸ್ತಿಲ್ಲ.

ಬಾಣಂತಿಯರ ವಾರ್ಡನ್ನು ಕೊನೆಗೆ ಇಟ್ಟುಕೊಂಡಿದ್ದೆವು. ಇಳಿಬಿಸಿಲು ಜಾಲರಿಯಿಂದ ತೂರಿ ಹೊಸ ಹಳೆಯ ನೆಲದ ಮೇಲೆ ಬೀಳುವುದು ದಿನಕ್ಕೆ ಸ್ವಲ್ಪವೇ ಹೊತ್ತು. ಕ್ಯಾಮೆರಾ ಹೂಡಿ ಕಾಯುತ್ತಿದ್ದೆ. ಆಗ ವಾಚ್‌ಮನ್ ಬಂದ. "ಮೇಡಂ, ಹೋಟ್ಲು ಇನ್ನೂ ಓಪನ್ ಆಗಿಲ್ಲ ಅಂದ್ರೂ ಇವ್ರು ಕೇಳ್ತಿಲ್ಲ."

ಹಿಂದೆ ಅರವತ್ತು ದಾಟಿದ ದಂಪತಿ ನಿಂತಿದ್ದರು. ವನಜಮ್ಮ ಮತ್ತು ಸೀತಾರಾಮಯ್ಯ ಎಂದು ಆಮೇಲೆ ತಿಳಿಯಿತು.

"ಹೋಟ್ಲಿಗಲ್ಲಮ್ಮ" ಎಂದರು ವನಜಮ್ಮ. "ಒಂದೈದ್ ನಿಮ್ಷ ಒಳಗ್ ನೋಡ್ಕೊಂಡ್ ಹೋಗ್ತೀನಿ. ಪುಟ್ಟೇನಹಳ್ಳಿಯಿಂದ ಬಂದಿದೀವಿ."

ಆ ದಿನ ಅದೆಷ್ಟನೆಯವರೋ. ನಾನು ಛತ್ರದ ಮ್ಯಾನೇಜರನ ದನಿಯಲ್ಲಿ, "ಇಲ್ಲೇ ಹೆರಿಗೆ ಆಗಿತ್ತಾ? ಬನ್ನಿ. ಮಗನಾ, ಮಗಳಾ?" ಎಂದೆ.

"ಮಗ" ಎಂದರು. ಹೊಸಿಲು ದಾಟಿ ಒಳಗೆ ಬಂದ ಮೇಲೆ, "ಉಳೀಲಿಲ್ಲ" ಎಂದರು.

ಸೀತಾರಾಮಯ್ಯ ಒಳಗೆ ಬರಲಿಲ್ಲ. ಜಗುಲಿಯಲ್ಲೇ ನಿಂತು ಕಂಬಗಳನ್ನು ನೋಡುತ್ತಿದ್ದರು. ವನಜಮ್ಮ ನೇರವಾಗಿ ಕಿಟಕಿಯ ಹತ್ತಿರ ಹೋಗಿ ಜಾಲರಿ ಮುಟ್ಟಿದರು.

"ಇಲ್ಲೊಂದು ನುಗ್ಗೆ ಮರ ಇತ್ತು. ಅದನ್ನೇ ನೋಡ್ತಾ ಮಲ್ಗಿದ್ದೆ. ಆಮೇಲೆ ಮಗಳು ಹುಟ್ಟಿದ್ದು ಬೇರೆ ಕಡೆ. ಈ ಆಸ್ಪತ್ರೆ ಇರ್ಲಿ, ಈ ರೋಡಿಗೇ ಬರ್ತಿರ್ಲಿಲ್ಲ ನಾನು. ಗಾಂಧಿಬಜಾರಿಗ್ ಹೋಗ್ಬೇಕಾದ್ರೂ ಸುತ್ಕೊಂಡ್ ಹೋಗ್ತಿದ್ದೆ." ಜಾಲರಿಯಿಂದ ಕೈ ತೆಗೆದು, "ಮಗೂನ ನೋಡಕ್ ಬಿಡ್ಲಿಲ್ಲ. ನೋಡಿದ್ರೆ ಮನಸ್ಸಲ್ಲಿ ಕೂತ್ಬಿಡುತ್ತೆ ಅಂದ್ರು ನಮ್ಮತ್ತೆ. ನೋಡ್ದೇ ಇದ್ರೂ ಕೂತ್ಕೊಳ್ಳುತ್ತೆ ಅಂತ ಪಾಪ ಅವ್ರಿಗ್ ಗೊತ್ತಿರ್ಲಿಲ್ಲ" ಎಂದರು.

ಅಷ್ಟರಲ್ಲಿ ಬಾಗಿಲಿನಿಂದ ದನಿ ಬಂತು.

"ಆ ಕಡೆ ಅಲ್ಲ ಕಣೇ. ನಿನ್ ಮಂಚ ಈ ಗೋಡೆಗಿತ್ತು."

ಸೀತಾರಾಮಯ್ಯ ಒಳಗೆ ಬಂದು ನಿಂತಿದ್ದರು. ವನಜಮ್ಮ ತಿರುಗಿದರು. "ನಿಮಗ್ ನೆನಪಿದ್ಯಾ?"

"ಎಲ್ಲಾ ನೆನಪಿದೆ." ಅವರು ಗೋಡೆಯನ್ನೇ ನೋಡುತ್ತ ಹೇಳಿದರು. "ಕೂದ್ಲು ತುಂಬಾ ಇತ್ತು."

"ಯಾರ್ಗೆ?"

"ಮಗೂಗೆ. ನಿನ್ ಥರಾನೇ ಸುರುಳಿ. ಹಣೆಗ್ ಅಂಟ್ಕೊಂಡಿತ್ತು. ನಾನೇ ಎತ್ಕೊಂಡ್ ಹೋದೆ. ಕೊಡು, ನಾನ್ ಎತ್ಕೋತೀನಿ ಅಂದ್ರು ನಮ್ಮಪ್ಪ. ಕೊಡ್ಲಿಲ್ಲ. ದಾರಿ ಉದ್ದಕ್ಕೂ ನಾನೇ ಎತ್ಕೊಂಡಿದ್ದೆ."

ವನಜಮ್ಮ ಸೋಫಾದ ಮೇಲೆ ಕೂತುಬಿಟ್ಟರು. ಅದಕ್ಕೆ ಇನ್ನೂ ಪ್ಲಾಸ್ಟಿಕ್ ಕವರು ಇತ್ತು.

"ಇಷ್ಟ್ ವರ್ಷ ಯಾಕ್ರೀ ಹೇಳ್ಲಿಲ್ಲ?"

"ನೀನ್ ಕೇಳ್ಲಿಲ್ಲ."

"ಕೇಳಿದ್ರೆ ನಿಮಗ್ ಸಂಕಟ ಆಗುತ್ತೆ ಅಂತ."

ಅವರು ತಲೆ ಅಲ್ಲಾಡಿಸಿದರು. ತಾವೂ ಅದೇ ಕಾರಣಕ್ಕೆ ಸುಮ್ಮನಿದ್ದದ್ದು ಎನ್ನುವಂತಿತ್ತು. ವನಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು, "ಮೂಗು?"

"ಮೂಗು ನಂದೇ, ಪಾಪ."

ಸೀತಾರಾಮಯ್ಯನವರದು ದೊಡ್ಡ ಮೂಗು. ವನಜಮ್ಮನಿಗೆ ನಗು ಬಂತು. ನಗುತ್ತಲೇ ಅಳು ಬಂತು, ಅದು ಬೇಗ ನಿಲ್ಲಲಿಲ್ಲ. ಅವರು ಪಕ್ಕದಲ್ಲಿ ಕೂತು ಹೆಂಡತಿಯ ಕೈ ಹಿಡಿದುಕೊಂಡರು. ನಾನು ಕ್ಯಾಮೆರಾದ ಹಿಂದೆ ನಿಂತಿದ್ದೆ, ಅದನ್ನು ಮುಟ್ಟಲಿಲ್ಲ. ಇಳಿಬಿಸಿಲು ಬಂದು ನೆಲದ ಮೇಲೆ ಜಾಲರಿಯ ನೆರಳು ಬಿದ್ದಿತು. ನಾವು ದಿನವಿಡೀ ಕಾದಿದ್ದ ಬೆಳಕು.

"ಜಯಶ್ರೀ, ಲೈಟ್ ಹೋಗ್ತಿದೆ ರೀ! ಏನ್ ಮಾಡ್ತಿದೀರಿ?" ಎಂದು ರಘುನಂದನ್ ಜೋರಾಗಿ ಬಂದವರು ಬಾಗಿಲಲ್ಲೇ ನಿಂತರು. ಸೋಫಾದ ಮೇಲಿದ್ದವರನ್ನು ನೋಡಿದರು, ನನ್ನನ್ನು ನೋಡಿದರು. ಏನೂ ಕೇಳದೆ ಚಪ್ಪಲಿ ಬಿಟ್ಟವರ ಹಾಗೆ ಮೆತ್ತಗೆ ಹೆಜ್ಜೆಯಿಟ್ಟು ಹೊರಗೆ ಹೋಗಿ ಜಗುಲಿ ಮೆಟ್ಟಿಲ ಮೇಲೆ ಕೂತರು. ನಾನೂ ಹೋಗಿ ಕೂತೆ. ಆದದ್ದನ್ನು ಎರಡು ಮಾತಿನಲ್ಲಿ ಹೇಳಿದೆ.

"ಒಳ್ಳೆ ಬೆಳಕಿತ್ತು" ಎಂದರು ರಘುನಂದನ್.

"ಹೋಯ್ತು ಸಾರ್."

"ಹೋಗ್ಲಿ ಬಿಡಿ."

ಅಷ್ಟು ವರ್ಷ ಜೊತೆಗೆ ಕೆಲಸ ಮಾಡಿದ್ದರಲ್ಲಿ ಆ ಮನುಷ್ಯನ ಬಾಯಿಂದ 'ಹೋಗ್ಲಿ ಬಿಡಿ' ಎಂಬ ಮಾತನ್ನು ನಾನು ಕೇಳಿದ್ದು ಅಂದೇ. ಮಾರನೇ ದಿನ ಮೋಡ ಕವಿಯಿತು. ಅದರ ಮಾರನೇ ದಿನ ಗಿರೀಶ್ ಟೇಬಲು ಜೋಡಿಸಿಬಿಟ್ಟರು. ರಘುನಂದನ್ ಅವರ ಕಟ್ಟಡಗಳ ದೊಡ್ಡ ಪುಸ್ತಕ ಬಂದಾಗ ಅದರಲ್ಲಿ ಆ ವಾರ್ಡೊಂದು ಇರಲಿಲ್ಲ. ಐಸ್‌ಕ್ರೀಮಿನ ಕೋಣೆ ಮಾತ್ರ ಎರಡು ಪುಟ ತುಂಬ ಇತ್ತು.

ಅಂದು ದಂಪತಿ ಹೊರಗೆ ಬಂದಾಗ ವನಜಮ್ಮ ಮುಖ ತೊಳೆದುಕೊಂಡಿದ್ದರು. "ನಮ್ದೊಂದು ಫೋಟೋ ತೆಗೀತೀರೇನಮ್ಮ? ಆ ಕೋಣೇಲೇ?" ಎಂದು ಕೇಳಿದರು. ಬಿಸಿಲು ಪೂರ್ತಿ ಇಳಿದಿತ್ತು. ನಾನು ಇದ್ದ ದೀಪಗಳನ್ನೆಲ್ಲ ಹಚ್ಚಿಸಿದೆ. ಅವರು ಮಂಚ ಇದ್ದ ಗೋಡೆಯ ಮುಂದೆ, ನಮ್ಮ ತಂದೆಯ ಸ್ಟುಡಿಯೋದಲ್ಲಿ ನಿಲ್ಲುತ್ತಿದ್ದವರ ಹಾಗೆ ಕೈ ಕೆಳಗೆ ಬಿಟ್ಟು ಸೆಟೆದು ನಿಂತರು. ಸೀತಾರಾಮಯ್ಯ ಕೊರಳ ಗುಂಡಿ ಹಾಕಿಕೊಂಡರು. ನಗಿ ಎಂದು ನಾನು ಹೇಳಲಿಲ್ಲ.

ಪ್ರಿಂಟು ಮಾಡಿಸಿ, ಚೌಕಟ್ಟು ಹಾಕಿಸಿ, ನಾನೇ ಪುಟ್ಟೇನಹಳ್ಳಿಗೆ ಒಯ್ದೆ. ಭಾನುವಾರವಾದ್ದರಿಂದ ಮಗಳು ಮಂಜುಳ ಬಂದಿದ್ದಳು. ಬನಶಂಕರಿಯಲ್ಲಿ ಸ್ಕೂಲ್ ಟೀಚರು. ಫೋಟೋವನ್ನು ಅವಳೇ ಕೈಗೆ ತೆಗೆದುಕೊಂಡು ನೋಡಿದಳು.

"ಎಷ್ಟ್ ಚೆನ್ನಾಗ್ ಬಂದಿದೆ! ಎಲ್ಲಪ್ಪ ಇದು, ಯಾವ್ದೋ ರೆಸಾರ್ಟಾ?"

ವನಜಮ್ಮ ಗಂಡನ ಮುಖ ನೋಡಿದರು. ಸೀತಾರಾಮಯ್ಯ ಕಾಫಿ ಲೋಟ ಕೆಳಗಿಟ್ಟರು.

"ನಿಮ್ಮಣ್ಣ ಹುಟ್ಟಿದ್ ಮನೆ" ಎಂದರು.

"ಯಾವಣ್ಣ?"

"ಕೂತ್ಕೋ. ಹೇಳ್ತೀನಿ."

ನಾನು ಚಪ್ಪಲಿ ಮೆಟ್ಟಿಕೊಂಡು, ಬಾಗಿಲು ಮುಂದೆ ಮಾಡಿಕೊಂಡು ಹೊರಟೆ.